ಹಿತ್ತಲ ಮಿಗ್ ಮಷೀನು ಮತ್ತು ಓಬಣ್ಣನ ಕಾಲು

ವೆಲ್ಡಿಂಗ್ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಬಿಟ್ಟೆ ಅನ್ನುವುದಕ್ಕಿಂತ ಕಣ್ಣಿನ ಡಾಕ್ಟರು ಬಿಡಿಸಿದರು ಅನ್ನುವುದು ಸರಿ. ಆದರೂ ಚಳ್ಳಕೆರೆಯ ನಮ್ಮ ಮನೆ ಬಾಗಿಲಿಗೆ ಐಟಿಐ ಮುಗಿಸಿದವರು, ಗ್ಯಾರೇಜು ಇಡುವ ಆಸೆಯವರು ಆಗಾಗ ಬಂದು ನಿಲ್ಲುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: “ಚಾಚಾ, ಮನೇಲೇ ಅಲ್ಯೂಮಿನಿಯಂ ವೆಲ್ಡಿಂಗ್ ಶುರು ಮಾಡ್ಬೇಕು, ಯಾವ ಮಷೀನ್ ತಗಳ್ಳಿ?” ಯಾವುದಾದರೂ ತಗೋ, ಅಗ್ಗದ್ದೇ ತಗೋ, ಹೆಂಗೂ ಮೊದಲ ಆರು ತಿಂಗಳು ಅದು ನಿನ್ನ ಮಾತು ಕೇಳುವುದಿಲ್ಲ ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿಸುವುದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಹೆಸರು ಖಾಸಿಂ. ಗೇಟು, ಗ್ರಿಲ್ಲು, ಟ್ರೇಲರು, ಎಣ್ಣೆ ಮಿಲ್ಲಿನ ತೊಟ್ಟಿ ಎಂದು ನಾನು ಬೆಸೆದ ಕಬ್ಬಿಣಕ್ಕೆ ಲೆಕ್ಕವಿಲ್ಲ. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಹಾಕಿದೆ, ಹಿಡಿಯಿತು. ಅಲ್ಯೂಮಿನಿಯಂ ಮಾತ್ರ ನನಗೆ ಸುಲಭವಾಗಿ ಒಲಿಯಲಿಲ್ಲ. ಕೊನೆಗೆ ಒಲಿದದ್ದು ಒಬ್ಬ ನೇಕಾರನ ಕಾಲು ನನ್ನ ಮೇಜಿನ ಮೇಲೆ ಬಂದು ಕೂತಾಗ. ಅದು ಕೆಟ್ಟರೆ ಅವನ ಮಗ್ಗ ನಿಲ್ಲುತ್ತಿತ್ತು. ಆ ಕಥೆಗೆ ಬರುವ ಮೊದಲು ನಾನು ಮಾಡಿದ ಪೆದ್ದುತನಗಳನ್ನು ಹೇಳಿಬಿಡುತ್ತೇನೆ. ಹೊಸಬರಿಗೆ ನನ್ನ ಜಾಣತನಕ್ಕಿಂತ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ತೊಂಬತ್ತರ ದಶಕವೆಲ್ಲ ನಾನು ರಸೂಲ್ ಉಸ್ತಾದರ ಶೆಡ್ಡಿನಲ್ಲಿದ್ದೆ. ಉಸ್ತಾದರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸೇರಿದ ಮೊದಲ ತಿಂಗಳು ನನ್ನ ಕೈಗೆ ವೆಲ್ಡಿಂಗ್ ಕಡ್ಡಿಯನ್ನೇ ಕೊಡಲಿಲ್ಲ. ಬೆನ್ನು ಹಾಕಿ ಕೂರಿಸಿ, ಬರೀ ಸದ್ದು ಕೇಳಿ ಬೆಸುಗೆ ಸರಿಯಾಗಿದೆಯೋ ಇಲ್ಲವೋ ಹೇಳು ಅನ್ನುತ್ತಿದ್ದರು. ತಪ್ಪು ಹೇಳಿದರೆ ಚಹಾ ಕಟ್. ಆ ತಿಂಗಳು ನಾನು ಕುಡಿದ ಚಹಾವನ್ನು ಬೆರಳ ಮೇಲೆ ಎಣಿಸಬಹುದು. ಆದರೆ ಆ ಕಿವಿ ಇವತ್ತಿಗೂ ಇದೆ.

ಯಾರಾದರೂ ಅಲ್ಯೂಮಿನಿಯಂ ಸಾಮಾನು ಹಿಡಿದುಕೊಂಡು ಬಂದರೆ ಉಸ್ತಾದರು ಮುಟ್ಟುತ್ತಲೇ ಇರಲಿಲ್ಲ. ದಾವಣಗೆರೆ ಕಡೆಗೆ ಕೈ ತೋರಿಸುತ್ತಿದ್ದರು. ಯಾಕೆ ಉಸ್ತಾದ್ ಎಂದು ಒಮ್ಮೆ ಕೇಳಿದೆ.

“ಲೇ ಖಾಸಿಂ, ಕಬ್ಬಿಣಕ್ಕೆ ಸಿಟ್ಟು ಬಂದ್ರೆ ಕೆಂಪಗಾಗಿ ತೋರಿಸ್ತೈತೆ. ನಾವು ಕೈ ಹಿಂದಕ್ಕೆ ತಗಂತೀವಿ. ಇದು ಹೇಳಲ್ಲ, ಕೇಳಲ್ಲ, ಇದ್ದಕ್ಕಿದ್ದಂಗೆ ಬಿದ್ದೋಗ್ತೈತೆ. ನನ್ನಂಥ ಸಿಡುಕನಿಗೂ ಅದಕ್ಕೂ ಆಗಿಬರಲ್ಲ.”

ಎರಡು ಸಾವಿರದ ಇಸವಿ ದಾಟಿದ ಮೇಲೆ ಉಸ್ತಾದರು ಮಂಡಿನೋವಿನಿಂದ ಶೆಡ್ಡು ಮುಚ್ಚಿದರು. ನಾನು ಮನೆಯ ಹಿತ್ತಲಲ್ಲಿ ಒಂದು ಮೇಜು ಹಾಕಿಕೊಂಡೆ. ಅದೇ ಹೊತ್ತಿಗೆ ದಾವಣಗೆರೆಯಲ್ಲಿ ಬಸ್ಸಿನ ಬಾಡಿ ಕಟ್ಟುವವರೊಬ್ಬರು ಕೆಲಸ ನಿಲ್ಲಿಸಿ ಸಾಮಾನು ಮಾರುತ್ತಿದ್ದಾರೆಂದು ತಿಳಿಯಿತು. ಅಲ್ಲಿ ಮೂಲೆಯಲ್ಲಿ ಒಂದು ಪುಟ್ಟ ಮಿಗ್ ಮಷೀನು ಬಿದ್ದಿತ್ತು. ಮಿಗ್ ಎಂದರೆ ಕಡ್ಡಿಯ ಬದಲು ಸುರುಳಿಯಿಂದ ತಂತಿ ತಾನಾಗಿ ಗನ್ನಿನ ಬಾಯಿಗೆ ಬರುತ್ತದೆ, ಜೊತೆಗೆ ಗಾಳಿ ತಗುಲದಂತೆ ಸುತ್ತ ಗ್ಯಾಸು ಬೀಳುತ್ತದೆ. ಅಲ್ಲಿ ಇದ್ದವುಗಳಲ್ಲೆಲ್ಲ ಅಗ್ಗದ ಮಷೀನು ಅದು. ಒಂದು ಗಾಲಿ ಇರಲಿಲ್ಲ. ಹಿಂಡಿ ಚೀಲದ ಲಾರಿಯಲ್ಲಿ ಹಾಕಿಕೊಂಡು ಬಂದೆ. ನನ್ನ ಹೆಂಡತಿ ಜೈತುನ್ ಅದರ ಸುತ್ತ ಒಂದು ಸುತ್ತು ಬಂದು, “ಇದು ಏನು ತಿನ್ನುತ್ತೆ?” ಎಂದು ಕೇಳಿದಳು. ಎಮ್ಮೆ ಕೊಂಡು ತಂದಾಗ ಕೇಳುವ ಪ್ರಶ್ನೆ. ಆದರೆ ಸರಿಯಾದ ಪ್ರಶ್ನೆಯೇ. ಅದು ಏನು ತಿನ್ನುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಮಷೀನಿಗೆ ಗ್ಯಾಸು ಬೇಕು. ನಮ್ಮ ಬೀದಿಯ ತುದಿಯಲ್ಲಿ ಗೋಲಿಸೋಡಾ ಮಾಡುವ ಅಂಗಡಿಯಿತ್ತು, ಅಲ್ಲಿ ಸಿಲಿಂಡರ್ ಇತ್ತು. ಒಂದನ್ನು ಉರುಳಿಸಿಕೊಂಡು ಬಂದು, ಹೇಗೋ ಮೂತಿ ಹೊಂದಿಸಿ, ಕಬ್ಬಿಣದ ಮೇಲೆ ಹಾಕಿ ನೋಡಿದೆ. ಅದ್ಭುತ! ಬೆಣ್ಣೆ ಸವರಿದಂತೆ ಬಂತು. ಕಬ್ಬಿಣಕ್ಕೆ ಆದದ್ದು ಅಲ್ಯೂಮಿನಿಯಂಗೆ ಯಾಕಾಗಬಾರದು ಎಂದು ಅಲ್ಯೂಮಿನಿಯಂ ತಂತಿ ಹಾಕಿ ಅದೇ ಗ್ಯಾಸು ಬಿಟ್ಟೆ. ಮಸಿ ಎಂದರೆ ಅಂಥ ಮಸಿಯನ್ನು ನಾನು ಒಲೆಯ ಹಿಂದಿನ ಗೋಡೆಯಲ್ಲೂ ನೋಡಿಲ್ಲ. ಬೆಸುಗೆ ಎಂದು ನಾನು ಅಂದುಕೊಂಡದ್ದು ಬೆರಳಲ್ಲಿ ತಟ್ಟಿದರೆ ಉದುರಿತು. ಮೂರು ದಿನ ಹಟ ಹಿಡಿದು ಸುಟ್ಟೆ. ಅಷ್ಟರಲ್ಲಿ ಸೋಡಾ ಅಂಗಡಿಯವರು ಬಂದು, “ಏನ್ ಸಾಬ್ರೇ, ಇವತ್ತಾದ್ರೂ ಬಾಟ್ಲಿ ತುಂಬೋಕೆ ಬಿಡ್ತೀರಾ? ಜನ ಬಿಸಿಲಲ್ಲಿ ಬಾಯಿ ಬಿಡ್ತಾವ್ರೆ” ಅಂದರು. ಸೋಡಾದ ಗ್ಯಾಸು ಕಬ್ಬಿಣಕ್ಕೆ ನಡೆಯುತ್ತದೆ, ಅಲ್ಯೂಮಿನಿಯಂಗೆ ಶುದ್ಧ ಆರ್ಗಾನ್ ಗ್ಯಾಸೇ ಬೇಕು ಎಂದು ಆಮೇಲೆ ತಿಳಿಯಿತು. ಅದು ಸಿಗುವ ಊರಿಗೆ ಹೋಗಿ ಸಿಲಿಂಡರ್ ಹಾಕಿಕೊಳ್ಳಿ ಎಂದು ಬಸ್ಸಿನವರ ಕೈಕಾಲು ಹಿಡಿದೆ. ಬಸ್ಸಿನವರು ಒಪ್ಪಲಿಲ್ಲ, ಕೊನೆಗೆ ಲಾರಿಯವರೊಬ್ಬರು ಒಪ್ಪಿದರು.

ಸರಿಯಾದ ಗ್ಯಾಸು ಬಂದ ಮೇಲೆ ಅಭ್ಯಾಸಕ್ಕೆ ಸಾಮಾನು ಬೇಕಲ್ಲ? ಅಡುಗೆಮನೆಯ ತಳ ಸೋರುವ ಪಾತ್ರೆಯೊಂದನ್ನು ಎತ್ತಿಕೊಂಡು ಬಂದೆ. ಉಸ್ತಾದರು ಅಷ್ಟು ಸ್ಪಷ್ಟವಾಗಿ ಹೇಳಿದ್ದರೂ ಹತ್ತು ವರ್ಷಕ್ಕೂ ಮೇಲೆ ಕಬ್ಬಿಣ ನೋಡಿದ ಕಣ್ಣು ಕೆಂಪಗಾಗಲಿ ಎಂದು ಕಾಯುತ್ತಲೇ ಇತ್ತು. ಕೆಂಪಗಾಗಲೇ ಇಲ್ಲ. ಪಾತ್ರೆಯ ತಳವೇ ಕಳಚಿ ನನ್ನ ಚಪ್ಪಲಿಯ ಪಕ್ಕ ಬಿತ್ತು. ಎರಡನೆಯದಕ್ಕೂ ಹಾಗೇ ಆಯಿತು. ವಾರ ಮುಗಿಯುವುದರೊಳಗೆ ಅನ್ನದ ಪಾತ್ರೆ, ಹಾಲಿನ ಪಾತ್ರೆ, ಇಡ್ಲಿ ಪಾತ್ರೆ ಎಲ್ಲ ಹೋದವು. ಜೈತುನ್ ಸೋರದ ಪಾತ್ರೆಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದರೆ ಸಾರು ಮಣ್ಣಿನ ಮಡಕೆಯಲ್ಲಿ ಕುದಿಯುತ್ತಿತ್ತು. “ಇದನ್ನೂ ಬೆಸೆಯುತ್ತೀರಾ?” ಎಂದಳು. ಸಾರು ಮಾತ್ರ ಬಹಳ ರುಚಿಯಾಗಿತ್ತು. ಪ್ರೆಶರ್ ಕುಕ್ಕರನ್ನು ಮಾತ್ರ ಅವತ್ತೂ ಮುಟ್ಟಲಿಲ್ಲ, ಮುಂದೆಂದೂ ಮುಟ್ಟಲಿಲ್ಲ. ಒಳಗೆ ಆವಿ ಒತ್ತುವ ಪಾತ್ರೆಗೆ ಮನೆಯ ಬೆಸುಗೆ ಹಾಕಬೇಡಿ. ಎಷ್ಟೇ ಬೇಡಿಕೊಂಡರೂ ಬೇಡ ಎನ್ನಿ.

ಪಾತ್ರೆ ತೊಳೆಯುವುದನ್ನು ನನಗೆ ಕಲಿಸಿದ್ದು ಅವಳೇ. ನಾನು ಕಬ್ಬಿಣ ಉಜ್ಜುವ ತಂತಿ ಬ್ರಷ್ಷಿನಲ್ಲೇ ಅಲ್ಯೂಮಿನಿಯಂ ಉಜ್ಜುತ್ತಿದ್ದೆ. ಅವಳು ನೋಡಿ, ಮಾಂಸದ ಕತ್ತಿಯಲ್ಲಿ ಹಣ್ಣು ಹೆಚ್ಚುತ್ತೀರಲ್ಲ ಎಂದಳು. ಹೌದಲ್ಲ ಅನ್ನಿಸಿತು. ಹೊಸ ಸ್ಟೀಲ್ ಬ್ರಷ್ ತಂದು, ಅದಕ್ಕೆ ಹಸಿರು ಬಟ್ಟೆ ಕಟ್ಟಿ, ಅಲ್ಯೂಮಿನಿಯಂ ಬಿಟ್ಟು ಬೇರೇನಕ್ಕೂ ಮುಟ್ಟಿಸಲಿಲ್ಲ. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಇರುತ್ತದೆ, ಅದನ್ನು ಉಜ್ಜಿದ ಕೂಡಲೇ ಬೆಸೆಯಬೇಕು. ಉಜ್ಜಿಟ್ಟು ಚಹಾ ಕುಡಿಯಲು ಹೋದರೆ ಮತ್ತೆ ಉಜ್ಜಬೇಕು.

ಇನ್ನು ಗಾಳಿ. ನಮ್ಮ ಕಡೆಯ ಆಷಾಢದ ಗಾಳಿ ಒಣಗಲು ಹಾಕಿದ ಬಟ್ಟೆಯನ್ನು ಮೂರು ಮನೆ ದಾಟಿಸುತ್ತದೆ, ಅದಕ್ಕೆ ನನ್ನ ಗ್ಯಾಸು ಯಾವ ಲೆಕ್ಕ? ಬೆಸುಗೆಯೆಲ್ಲ ತೂತು ತೂತು. ಮರೆಗೆ ಹೆಂಡತಿಯ ಹಳೆಯ ನೈಲಾನ್ ಸೀರೆ ಕಟ್ಟಿದೆ, ಮೊದಲ ಕಿಡಿಗೇ ಭಗ್ಗೆಂದಿತು. ಕುರಿ ದೊಡ್ಡಿಯ ಗೇಟು ಮಾಡಿಸಲು ಬಂದಿದ್ದ ಬಿ.ಜಿ. ಕೆರೆ ಕಡೆಯ ಕುರಿಗಾರರೊಬ್ಬರು ಹೆಗಲ ಮೇಲಿನ ಕಂಬಳಿ ತೆಗೆದು ಮುಂದೆ ಹಿಡಿದರು. “ಇದ್ ಕಟ್ರಿ. ಉಣ್ಣೆ ಉರಿಯಲ್ಲ, ವಾಸ್ನೆ ಬಂದು ತಾನೇ ಆರೋಗ್ತೈತೆ.” ಅವತ್ತಿನಿಂದ ನನ್ನ ಮೇಜಿನ ಮೂರು ಕಡೆಗೂ ಕಂಬಳಿ. ಜೊತೆಗೆ ಕರೆಂಟಿನ ಕಾಟ. ಪಕ್ಕದ ಹಿಟ್ಟಿನ ಗಿರಣಿ ತಿರುಗಿದರೆ ನನ್ನ ಮಷೀನು ಮಂಕಾಗುತ್ತಿತ್ತು. ಹಾಗಾಗಿ ಗಿರಣಿಗೆ ರಜೆಯಿರುವ ಮಂಗಳವಾರವನ್ನು ಅಲ್ಯೂಮಿನಿಯಂ ದಿನ ಮಾಡಿಕೊಂಡೆ.

ಇಷ್ಟೆಲ್ಲ ಆದರೂ ಒಂದು ರೋಗ ಉಳಿದಿತ್ತು. ಅಲ್ಯೂಮಿನಿಯಂ ತಂತಿ ಮೆತ್ತಗೆ. ಮಷೀನಿನೊಳಗೆ ಎರಡು ರೋಲರ್ ಅದನ್ನು ಹಿಡಿದು ಗನ್ನಿನವರೆಗೆ ತಳ್ಳಬೇಕು. ಒಂದು ಗೇಣು ಬೆಸೆಯುವುದರೊಳಗೆ ತಂತಿ ಮುಂದಕ್ಕೆ ಹೋಗದೆ ರೋಲರ್ ಪಕ್ಕದಲ್ಲೇ ಸುತ್ತಿಕೊಂಡು ಗೂಡು ಕಟ್ಟುತ್ತಿತ್ತು. ಬಿಚ್ಚು, ಕತ್ತರಿಸು, ಮತ್ತೆ ಪೋಣಿಸು. ತಂತಿ ಜಾರುತ್ತಿದೆ ಎಂದು ನಾನು ರೋಲರನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ, ಗೂಡು ಇನ್ನಷ್ಟು ದೊಡ್ಡದಾಗುತ್ತಿತ್ತು. ಉಸ್ತಾದರು ಕೋಲೂರಿಕೊಂಡು ಬಂದು ಒಂದು ಗೂಡನ್ನು ಕೈಯಲ್ಲಿ ಹಿಡಿದು ನೋಡಿ, “ಮೊಟ್ಟೆ ಯಾವಾಗ ಇಡ್ತೈತೆ?” ಎಂದು ಕೇಳಿ ಹೋದರು.

ಆ ಗೂಡಿನ ಮುಂದೆ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದ ಬೆಳಿಗ್ಗೆಯೇ ಓಬಣ್ಣ ಬಂದದ್ದು. ನಲವತ್ತರ ಆಸುಪಾಸು, ನಗುಮುಖ, ಕಂಕುಳಲ್ಲಿ ಒಂದು ಊರುಗೋಲು. ಎಡಗಾಲಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಕಟ್ಟೆಯ ಮೇಲೆ ಕೂತು, ಪಟ್ಟಿ ಬಿಚ್ಚಿ, ಕಾಲನ್ನೇ ತೆಗೆದು ನನ್ನ ಮುಂದಿಟ್ಟ.

“ಸಾಬ್ರೇ, ಮೊಳಕಾಲ್ಮೂರಿಂದ ಬಂದೀನಿ. ಇದಕ್ಕೊಂದು ಹೊಲಿಗೆ ಹಾಕ್ಕೊಡ್ರಿ.”

ಅಲ್ಯೂಮಿನಿಯಂ ತಗಡಿನ ಕೃತಕ ಕಾಲು, ಕೆಳಗೆ ರಬ್ಬರಿನ ಪಾದ. ಚಿಕ್ಕಂದಿನಲ್ಲಿ ಗಾಯ ಕೊಳೆತು ಅವನ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರಂತೆ. ಯಾವುದೋ ಕ್ಯಾಂಪಿನಲ್ಲಿ ಕೊಟ್ಟ ಕಾಲಿದು. ಪಾದದ ಮೇಲೆ ಅರ್ಧ ಸುತ್ತು ಸೀಳಿತ್ತು. ಓಬಣ್ಣ ರೇಷ್ಮೆ ಸೀರೆ ನೇಯುವವನು. ಗುಣಿ ಮಗ್ಗದಲ್ಲಿ ನೆಲದೊಳಗಿನ ಗುಣಿಗೆ ಕಾಲು ಇಳಿಬಿಟ್ಟು ಕೂತು, ಎರಡೂ ಕಾಲಿನಲ್ಲಿ ಒಂದಾದ ಮೇಲೊಂದು ಹಲಗೆ ತುಳಿಯಬೇಕು. ಒಂದೇ ಕಾಲಿನಲ್ಲಿ ಆಗದ ಕೆಲಸ.

“ಮಗ್ಗದ ಮ್ಯಾಲೆ ಮದುವೆ ಹೆಣ್ಣಿನ ಸೀರೆ ಐತೆ, ಅರ್ಧ ಆಗೈತೆ. ಮುಂದಿನ ವಾರದೊಳಗೆ ಕೂರದಿದ್ರೆ ರೇಷ್ಮೆ ಕೊಟ್ಟ ಯಜಮಾನ್ರು ಹಾಸಿನ ಎಳೆ ಬಿಚ್ಚಿ ಬೇರೆ ಮನಿಗೆ ಕೊಡ್ತಾರೆ. ಒಂದ್ಸಲ ಹೋದ್ರೆ ತಿರುಗಿ ಬರಲ್ಲ ಸಾಬ್ರೇ. ಮುಂದಿನ ಕ್ಯಾಂಪು ಯಾವಾಗ ಅಂತ ಯಾರೂ ಹೇಳಲ್ಲ.”

ಇದು ನನ್ನ ಕೈಲಿ ಆಗುವುದಿಲ್ಲ ಎಂದೆ. ನಿಜವನ್ನೇ ಹೇಳಿದೆ. ತಗಡು ತೆಳ್ಳಗಿದೆ, ಚೂರು ಹೆಚ್ಚಾದರೆ ಸೀಳಿನ ಜಾಗದಲ್ಲಿ ದೊಡ್ಡ ಬಾಯಿ ಬೀಳುತ್ತದೆ, ಜೊತೆಗೆ ನನ್ನ ತಂತಿಯ ಅವಸ್ಥೆ ನೋಡು ಎಂದು ಮಷೀನಿನ ಬಾಗಿಲು ತೆರೆದು ತೋರಿಸಿದೆ. ಅವನು ಒಂಟಿ ಕಾಲಿನಲ್ಲಿ ಕುಪ್ಪಳಿಸಿಕೊಂಡು ಬಂದು, ಬಗ್ಗಿ ನೋಡಿ, ಜೋರಾಗಿ ನಕ್ಕ.

“ನಮ್ಮನೇಲಿ ಹೊಸಬ್ರು ಕಂಡಿಕೆ ಸುತ್ತಿದ್ರೆ ಹಿಂಗೇ ಆಗೋದು! ಯಾಕ್ರಿ ಇಷ್ಟೊಂದು ಬಿಗಿ ಹಿಡಿದೀರಾ? ಎಳೆ ಜಾರಿದ್ರೆ ಜಾರ್ಲಿ ಬಿಡ್ರಿ. ಜಾರಿದ್ದು ಮತ್ತೆ ಹೊರಡ್ತೈತೆ, ಹಿಚುಕಿದ್ದು ಹೋಗಲ್ಲ.”

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುತ್ತು. ಓಬಣ್ಣ ನನ್ನ ತಂತಿಯನ್ನು ಎರಡು ಬೆರಳ ನಡುವೆ ಸವರಿ, ರೋಲರ್ ಅದನ್ನು ಹಿಚುಕಿ ಚಪ್ಪಟೆ ಮಾಡಿದ್ದನ್ನು ತೋರಿಸಿದ. ನನ್ನ ಕಣ್ಣಿಗೆ ಅದು ಅಷ್ಟು ದಿನ ಬಿದ್ದಿರಲಿಲ್ಲ. ಆಮೇಲೆ ಗನ್ನಿನ ಕೇಬಲ್ಲು ಹಾವಿನಂತೆ ಸುತ್ತಿ ಬಿದ್ದದ್ದನ್ನು ನೋಡಿ, “ದಾರಿ ಇಷ್ಟು ಸೊಟ್ಟ ಇದ್ರೆ ರೇಷ್ಮೆ ಎಳೇನೂ ಬರಲ್ಲ” ಎಂದ. ಒಳಗಿನ ಕೊಳವೆ ಎಂಥದ್ದು ಎಂದು ಕೇಳಿದ. ಉಕ್ಕಿನದು, ಒರಟು ಎಂದೆ. “ನಮ್ ಲಾಳಿ ಕಣ್ಣಿಗೆ ಪಿಂಗಾಣಿ ಇಟ್ಟಿರ್ತೀವಿ, ನುಣುಪು ಇರ್ಲಿ ಅಂತ.” ಇಷ್ಟು ಹೇಳಿ ಜೈತುನ್ ಕೊಟ್ಟ ಚಹಾ ಕುಡಿಯುತ್ತ ಕೂತ, ಏನೂ ದೊಡ್ಡದು ಹೇಳಿಲ್ಲವೆಂಬಂತೆ. ನಾನು ರೋಲರನ್ನು ಸಡಿಲ ಮಾಡಿದೆ. ಮಷೀನನ್ನು ಮಂಚದ ಮೇಲೆ ಎತ್ತಿಟ್ಟು, ಕೇಬಲ್ಲನ್ನು ಬಟ್ಟೆ ಹಗ್ಗಕ್ಕೆ ನೇತುಹಾಕಿ ನೆಟ್ಟಗೆ ಮಾಡಿದೆ. ಗುಂಡಿ ಒತ್ತಿದರೆ ತಂತಿ ಸರಸರನೆ ಬಂತು. ಬರುತ್ತಲೇ ಇತ್ತು. ಸಂತೋಷಕ್ಕೆ ನಾನು ಬೆರಳು ತೆಗೆಯುವುದನ್ನೇ ಮರೆತೆ, ಒಂದು ಮಾರು ತಂತಿ ಹಿತ್ತಲಿಗೆ ಹೋಯಿತು. ಓಬಣ್ಣನನ್ನು ತಬ್ಬಿಕೊಂಡೆ.

ಆದರೆ ಈಗ ಆಗುವುದಿಲ್ಲ ಅನ್ನಲು ನನಗೆ ನೆಪ ಉಳಿದಿರಲಿಲ್ಲ. ಕಾಲು ಇಟ್ಟು ಹೋಗು, ಮಂಗಳವಾರ ಬಾ ಎಂದೆ. ಅವನು ಊರುಗೋಲು ಹಿಡಿದು ಬಸ್ಸು ಹತ್ತಿದ. ನುಣುಪಾದ ಪ್ಲಾಸ್ಟಿಕ್ ಕೊಳವೆ ತರಿಸಿ ಕೇಬಲ್ಲಿನೊಳಗೆ ಹಾಕಿದೆ. ಅದೇ ದಪ್ಪದ ಹಳೆಯ ತಟ್ಟೆಗಳನ್ನು ಗುಜರಿಯಿಂದ ತಂದು ಐದು ದಿನ ಸೀಳಿದೆ, ಬೆಸೆದೆ, ಸೀಳಿದೆ, ಬೆಸೆದೆ. ಉದ್ದಕ್ಕೆ ಎಳೆದರೆ ತಗಡು ಕರಗುತ್ತಿತ್ತು. ಒಂದು ಚುಕ್ಕೆ ಇಟ್ಟು ಕೈ ತೆಗೆದು, ಆರಲು ಬಿಟ್ಟು, ಅದರ ಅಂಚಿಗೆ ಇನ್ನೊಂದು ಚುಕ್ಕೆ ಇಟ್ಟರೆ ನಿಲ್ಲುತ್ತಿತ್ತು. ಹಿಂದೆ ತಾಮ್ರದ ತಗಡು ಒತ್ತಿಟ್ಟರೆ ಬಿಸಿಯನ್ನು ಅದು ಎಳೆದುಕೊಳ್ಳುತ್ತಿತ್ತು, ಅಲ್ಯೂಮಿನಿಯಂ ಅದಕ್ಕೆ ಅಂಟುತ್ತಿರಲಿಲ್ಲ. ಅದಕ್ಕಾಗಿ ಒಡೆದ ಹಂಡೆಯ ಒಂದು ತುಂಡನ್ನು ಕಾಲಿನೊಳಗೆ ಕೂರುವಂತೆ ಬಗ್ಗಿಸಿದೆ.

ಮಂಗಳವಾರ ಓಬಣ್ಣ ಬಂದಾಗ ಗಿರಣಿ ಸುಮ್ಮನಿತ್ತು. ರಬ್ಬರಿನ ಪಾದ, ಚರ್ಮದ ಪಟ್ಟಿ ಎಲ್ಲ ಬಿಚ್ಚಿಟ್ಟೆ. ಸೀಳು ಮುಗಿಯುವ ಎರಡೂ ತುದಿಗೆ ಸಣ್ಣ ತೂತು ಕೊರೆದೆ, ಇಲ್ಲದಿದ್ದರೆ ಬಿಸಿಗೆ ಸೀಳು ಮುಂದಕ್ಕೆ ಓಡುತ್ತದೆ. ಓಬಣ್ಣನ ಮುಖ ಸಣ್ಣಗಾಯಿತು. “ಹೊಲೀರಿ ಅಂತ ಕೊಟ್ರೆ ತೂತು ಹಾಕ್ತೀರಲ್ರಿ!” ಉಜ್ಜಿದೆ, ಒರೆಸಿದೆ, ಕಂಬಳಿ ಇಳಿಬಿಟ್ಟೆ, ಬಿಸ್ಮಿಲ್ಲಾ ಎಂದು ಗನ್ನು ಹಿಡಿದೆ. ಆರು ಚುಕ್ಕೆ ಚೆನ್ನಾಗಿ ಕೂತವು. ಏಳನೆಯದಕ್ಕೆ ಕೈ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಹೆಚ್ಚು ನಿಂತಿತು. ಕಡ್ಲೆಬೀಜದಷ್ಟು ಅಗಲದ ತೂತು ಬಿತ್ತು.

ಮುಖವಾಡ ತೆಗೆದು ಕೆಳಗಿಟ್ಟೆ. ಇವನ ಮಗ್ಗ ನಿಲ್ಲಿಸಿದೆನಲ್ಲ ಅನ್ನುವುದೊಂದೇ ತಲೆಯಲ್ಲಿ. ಕಂಬಳಿಯ ಆಚೆಯಿಂದ ಓಬಣ್ಣ ಏನಾಯಿತು ಎಂದು ಕೇಳಿದ. ಹೇಳಿದೆ. ಅವನು ಇಣುಕಿ ನೋಡಿದ.

“ನೇಯೋವಾಗ ನಂದೂ ಎಳೆ ಕಡೀತಾವೆ. ದಿನಕ್ಕೆ ಹತ್ತು ಸಲ. ಗಂಟು ಹಾಕಿ ಮುಂದಕ್ಕೆ ಹೋಗ್ತೀನಿ. ನೀವೂ ಹಾಕ್ರಿ. ನಾನು ಆ ಕಡೆ ತಿರುಗಿ ಕೂತ್ಕಂತೀನಿ.”

ಹಾಗೇ ಬೆನ್ನು ಹಾಕಿ ಕೂತ. ನಾನು ತೂತಿನ ಅಂಚಿಗೆ ಒಂದು ಚುಕ್ಕೆ ಇಟ್ಟೆ, ಆರಲು ಬಿಟ್ಟೆ. ಎದುರಂಚಿಗೆ ಒಂದು, ಮತ್ತೆ ಆರಲು ಬಿಟ್ಟೆ. ಅಂಚಿನಿಂದ ನಡುವಿಗೆ ಬರುತ್ತ ಬರುತ್ತ ಮುಚ್ಚಿತು. ಸೀಳಿನ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಉಸ್ತಾದರಿಗೆ ಹೇಳಿ ಕಳಿಸಿದೆ. ಅವರು ಬಂದು, ಕನ್ನಡಕ ಏರಿಸಿ, ಉಗುರಿನಿಂದ ಬೆಸುಗೆಯ ಉದ್ದಕ್ಕೂ ಗೀಚಿ, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿದರು. “ಚೆಂದ ಇಲ್ಲ” ಎಂದರು. ಮತ್ತೆ ತಟ್ಟಿದರು. “ಆದ್ರೆ ಹಿಡಿದೈತೆ ಕಣೋ ಬೇಟಾ.” ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಬೇಟಾ ಎಂದದ್ದು ಅದೇ ಮೊದಲು.

ಓಬಣ್ಣ ಕಾಲು ಹಾಕಿಕೊಂಡು ಹಿತ್ತಲಲ್ಲಿ ನಡೆದ, ಮೆಟ್ಟಿಲು ಹತ್ತಿ ಇಳಿದ. ಜೈತುನ್ ಬಾಗಿಲಲ್ಲಿ ನಿಂತು ಮಾಷಾ ಅಲ್ಲಾ ಎಂದಳು. ನನಗೆ ಮಾತ್ರ ಸಮಾಧಾನವಿಲ್ಲ. ನಡೆಯುವ ಭಾರ ಬೇರೆ, ದಿನವಿಡೀ ತುಳಿಯುವ ಪೆಟ್ಟು ಬೇರೆ. “ನಾನೂ ಬರ್ತೀನಿ, ನೀನು ತುಳಿಯೋದು ನೋಡ್ಬೇಕು” ಎಂದು ಅವನ ಜೊತೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನಾನು ಅವನ ಕಾಲು ನೋಡುತ್ತಿದ್ದೆ, ಅವನು ನನ್ನ ಮುಖ ನೋಡಿ ನಗುತ್ತಿದ್ದ.

ಬಾಗಿಲಲ್ಲೇ ಅವನ ಅವ್ವ ತಿಮ್ಮಕ್ಕ ಕಾಯುತ್ತಿದ್ದರು. “ರಾ ನಾಯನಾ” ಎಂದು ತೆಲುಗಿನಲ್ಲೇ ಮಗನನ್ನು ಕರೆದು, ನನಗೆ ಕನ್ನಡದಲ್ಲಿ ನೀರು ಕೊಡಲೇ ಎಂದರು. ಮನೆಯ ಅರ್ಧ ಜಾಗ ಮಗ್ಗವೇ. ಅದರ ಮೇಲೆ ಹಾಸಿದ್ದ ಬಿಳಿ ಬಟ್ಟೆ ಸರಿಸಿದರೆ ಕೆಂಪು ರೇಷ್ಮೆ, ಅರ್ಧಕ್ಕೆ ನಿಂತ ಸೀರೆ. ಯಜಮಾನರ ಕಡೆಯವರು ಬಂದು ಕೇಳಿದ್ದಕ್ಕೆ ಮಗ ನೆಂಟರ ಮದುವೆಗೆ ಹೋಗಿದ್ದಾನೆ ಎಂದು ಎರಡು ಸಲ ಸುಳ್ಳು ಹೇಳಿದ್ದಾರಂತೆ. ಮೂರನೆಯ ಸುಳ್ಳು ಹೊಳೆಯುತ್ತಿಲ್ಲ ಎಂದರು.

ಓಬಣ್ಣ ಗುಣಿಗೆ ಕಾಲು ಇಳಿಸಿ ಕೂತ. ಮೇಲಿನಿಂದ ನನಗೆ ಏನೂ ಕಾಣಲಿಲ್ಲ. ನಾಚಿಕೆ ಬಿಟ್ಟು ನೆಲದ ಮೇಲೆ ಬೋರಲು ಮಲಗಿ ಗುಣಿಯೊಳಗೆ ಇಣುಕಿದೆ. ಬಲಗಾಲು ತುಳಿದ, ಲಾಳಿ ಓಡಿತು. ಎಡಗಾಲು ತುಳಿದ. ಟಕ್ ಎಂದಿತು. ಬೆಸುಗೆ ಬಿಟ್ಟಿತೆಂದೇ ಅಂದುಕೊಂಡೆ. ಅದು ಹಲಗೆಯ ಹಗ್ಗದ ಗಂಟು ಜಾರಿದ ಸದ್ದು. ಅಷ್ಟು ದಿನ ಸುಮ್ಮನಿದ್ದು ಸಡಿಲಾಗಿತ್ತು. ಗಂಟು ಬಿಗಿದುಕೊಂಡು ಮತ್ತೆ ಶುರು ಮಾಡಿದ. ಎಡ, ಬಲ, ಎಡ, ಬಲ. ಬೆಸುಗೆಯಲ್ಲೇ ನನ್ನ ಕಣ್ಣು ನೆಟ್ಟಿತ್ತು. ಅದು ಅಲುಗಲಿಲ್ಲ. ನಾಲ್ಕು ಬೆರಳಿನಷ್ಟು ಹೊಸ ನೇಯ್ಗೆ ಕಾಣುವವರೆಗೂ ನಾನು ಏಳಲಿಲ್ಲ, ಕಂಬಕ್ಕೊರಗಿ ನಿಂತಿದ್ದ ತಿಮ್ಮಕ್ಕ ಕದಲಲಿಲ್ಲ.

“ಸಾಬ್ರೇ” ಎಂದ ಓಬಣ್ಣ, ಕೈ ನಿಲ್ಲಿಸದೆ.

“ಏನು? ನೋಯ್ತೈತಾ?” ಎಂದೆ ಗಾಬರಿಯಿಂದ.

“ಹೂಂ, ಬಲಗಾಲು ನೋಯ್ತೈತೆ. ಎಡದ್ದು ಆರಾಮ ಐತೆ. ಮುಂದಿನ ಮಂಗಳವಾರ ಬರ್ತೀನಿ, ಇದನ್ನೂ ಅಲ್ಯೂಮಿನಿಯಂದೇ ಮಾಡ್ಕೊಡ್ರಿ.”

ನಾನು ನೆಲದ ಮೇಲೇ ಹೊರಳಾಡಿ ನಕ್ಕೆ. ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನ ನೀರಲ್ಲ ಎಂದು ಹೇಳಲು ಈಗ ಸಂಕೋಚವಿಲ್ಲ. ತಿಮ್ಮಕ್ಕ ಓಡಿ ಬಂದು ಮಗನ ಬೆನ್ನಿಗೆ ಫಟ್ಟನೆ ಒಂದು ಕೊಟ್ಟರು.

“ಬಿಡ್ತು ಅನ್ನು! ಎಂಥಾ ಮಾತಾಡ್ತೀಯೋ, ಬಿಡ್ತು ಅನ್ನು!” ಆಮೇಲೆ ನನ್ನ ಕಡೆ ತಿರುಗಿದರು. “ನೀನೂ ನಗ್ತೀಯಲ್ಲಪ್ಪಾ, ನೀನೂ ಅನ್ನು!”

ಗುಣಿಯೊಳಗಿದ್ದ ಅವನೂ ನೆಲದ ಮೇಲಿದ್ದ ನಾನೂ ಒಟ್ಟಿಗೆ “ಬಿಡ್ತು” ಅಂದೆವು. ಮಗ್ಗ ನಿಂತಿರಲಿಲ್ಲ.